ದಫೇದಾರ ಹಜರತ್ ಅಲಿಯವರ ಗಂಟಲು

ದುರ್ಗದ ಕೋರ್ಟೊಂದರಲ್ಲಿ ಹಜರತ್ ಅಲಿ ದಫೇದಾರರಾಗಿದ್ದರು. ನ್ಯಾಯಾಧೀಶರು ಕೇಸು ಕೈಗೆತ್ತಿಕೊಂಡಾಗ ಬಾಗಿಲಲ್ಲಿ ನಿಂತು ಕಕ್ಷಿದಾರರ, ಸಾಕ್ಷಿಗಳ ಹೆಸರನ್ನು ಮೂರು ಸಲ ಕೂಗುವುದು ಅವರ ಕೆಲಸ. ಆಗಲೂ ಬಾರದಿದ್ದರೆ ‘ಕೂಗಿಸಲಾಯಿತು, ಗೈರು’ ಎಂದು ಬರೆದುಬಿಡುತ್ತಾರೆ. ಎಷ್ಟೋ ಜನರ ಹಣೆಬರಹ ಅಲ್ಲಿಗೆ ಮುಗಿಯುತ್ತದೆ.

ಸಾಬರ ಗಂಟಲೆಂದರೆ ಸಾಮಾನ್ಯವೇ? ಕೂಗಿದರೆ ರಸ್ತೆಯಾಚೆಯ ಟೀ ಅಂಗಡಿಯಲ್ಲಿ ಕೂತವರೂ ಎದ್ದು ನಿಲ್ಲಬೇಕು. ಹಾಗಾಗಿ ಹಳ್ಳಿಯಿಂದ ಬಂದವರು ವರಾಂಡದಲ್ಲಿ ಕರಿಕೋಟುಗಳ ನಡುವೆ ಒದ್ದಾಡುತ್ತಿರಲಿಲ್ಲ. “ಸಾಬ್ರು ಕೂಗ್ತಾರೆ ಬಿಡ್ರಿ” ಎಂದು ಹೊಂಗೆಮರದ ಕೆಳಗೆ ಬುತ್ತಿ ಬಿಚ್ಚಿ ಕೂರುತ್ತಿದ್ದರು. ವಕೀಲರೂ ಕಾಟ ತಪ್ಪಿತೆಂದು ಹಾಗೇ ಹೇಳಿ ಕಳಿಸುತ್ತಿದ್ದರು. ವಕೀಲರೊಬ್ಬರ ಗುಮಾಸ್ತನಾದ ನಾನು ಇದನ್ನು ದಿನಾ ನೋಡುತ್ತಿದ್ದೆ.

ಆ ಗಂಟಲಿಗೇ ಗೆಡ್ಡೆ ಬಂತು. ಆಪರೇಷನ್ ಮಾಡಿದರೆ ಮಾತು ಹೋಗಬಹುದು, ಜೀವ ಉಳಿಯುತ್ತದೆ ಎಂದರು ದಾವಣಗೆರೆಯ ಡಾಕ್ಟರು. ಹೆಂಡತಿ ಸುಗ್ರಾ ಅತ್ತರು, ಬೈದರು. ಜಪ್ಪಯ್ಯ ಅಂದರೂ ಸಾಬರು ಒಪ್ಪಲಿಲ್ಲ. ಕೂಗಲಾರದವನನ್ನು ಬಾಗಿಲಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ಹಳೇ ಕಡತಗಳ ಕೋಣೆಗೆ ತಳ್ಳುತ್ತಾರೆಂಬ ಹೆದರಿಕೆ ಅವರಿಗೆ. ಬಿಸಿನೀರು, ಕಲ್ಲುಸಕ್ಕರೆ ಅಂತ ದಿನ ದೂಡಿದರು. ದನಿ ಮಾತ್ರ ಬರಬರುತ್ತಾ ಬಾಗಿಲಾಚೆ ಹೋಗದಂತಾಯಿತು. ಒಳಗಿದ್ದ ದೊಡ್ಡವರಿಗೆ ಕೇಳುತ್ತಿತ್ತಲ್ಲ, ಹೊರಗಿನವರ ಚಿಂತೆ ಯಾರಿಗೆ!

ಹರಿಯಬ್ಬೆ ಹಳ್ಳಿಯ ಚಂದ್ರಕ್ಕನ ಕೇಸು ಬಂದದ್ದು ಆಗ. ಆಕೆಯ ಮಗಳು ಶಾಂತಿ ಗಂಡನ ಮನೆಯಲ್ಲಿ ಸುಟ್ಟು ಸತ್ತಿದ್ದಳು. ಅಳಿಯನ ಮೇಲೆ ಕೊಲೆ ಆರೋಪ. ತಾಯಿಯೇ ಮುಖ್ಯ ಸಾಕ್ಷಿ. ಸಮನ್ಸು ಮುಟ್ಟದೆ ಹಿಂದಿನ ವಾಯಿದೆಗಳು ತಪ್ಪಿದ್ದವು, ಈ ಸಲ ಮುಟ್ಟಿತ್ತು. ಇದೇ ಕೊನೆಯ ಅವಕಾಶ ಎಂದು ನ್ಯಾಯಾಧೀಶರು ಹೇಳಿಯಾಗಿತ್ತು. ಆಕೆಯನ್ನು ಕರೆತರಬೇಕಿದ್ದ ಪೇದೆ ಯಾರೋ ಮಂತ್ರಿಯ ಬಂದೋಬಸ್ತಿಗೆ ಹೋಗಿದ್ದ. ಸರ್ಕಾರಿ ವಕೀಲರಿಗೆ ಆಕೆಯ ಮುಖ ಗೊತ್ತಿಲ್ಲ. ಸಾಬರು ಕೂಗಿದರು, ಯಾರೂ ಬರಲಿಲ್ಲ. ಅಳಿಯನ ವಕೀಲರು ಸಾಕ್ಷ್ಯ ಮುಗಿಸಿಬಿಡಿ ಎಂದು ಕೇಳಿದರು. ನ್ಯಾಯಾಧೀಶರು ಆಗಲಿ ಎಂದರು. ಮಧ್ಯಾಹ್ನ ಆ ಆದೇಶಕ್ಕೆ ರುಜು ಹಾಕುವುದಷ್ಟೇ ಬಾಕಿ.

ಊಟದ ಹೊತ್ತಿಗೆ ಸಾಬರು ಹೊರಗೆ ಬಂದರು. ಹೊಂಗೆಯ ಕೆಳಗಿಂದ ಹೆಂಗಸೊಬ್ಬಳು ಎದ್ದು ಬಂದಳು.

“ಸಾಬ್ರೇ, ನಂದು ಹರಿಯಬ್ಬೆ. ಚಂದ್ರಕ್ಕ ಅಂತ. ಬೆಳಿಗ್ಗಿಂದ ಕುಂತೀನಿ, ಇನ್ನೂ ಕೂಗ್ಲಿಲ್ವಲ್ರಿ?”

ತಮ್ಮ ಕೂಗು ಹೊಂಗೆಮರದವರೆಗೂ ಹೋಗಿಲ್ಲವೆಂದು ಸಾಬರಿಗೆ ಗೊತ್ತಾಯಿತು. ಸುಮ್ಮನಿದ್ದುಬಿಡಬಹುದಿತ್ತು, ಅವರು ಕೂಗಿದ್ದನ್ನು ಕೋರ್ಟಿನಲ್ಲಿದ್ದವರೆಲ್ಲ ಕಂಡಿದ್ದರು. ಅವರು ಆಕೆಯನ್ನು ನೇರ ಒಳಗೆ ಕರೆತಂದು ಕೂರಿಸಿದರು.

ನ್ಯಾಯಾಧೀಶರು ಮತ್ತೆ ಬಂದು ಕೂತಾಗ ಅಳಿಯನ ವಕೀಲರು ಎಗರಾಡಿದರು. “ಕೂಗಿದಾಗ ಎಲ್ಲಿದ್ರಿ?” ಎಂದು ನ್ಯಾಯಾಧೀಶರು ಚಂದ್ರಕ್ಕನನ್ನು ಕೇಳಿದರು. ಉತ್ತರ ಕೊಟ್ಟವರು ಸಾಬರು.

“ತಪ್ಪು ನಂದು ಸ್ವಾಮಿ. ಗಂಟಲು ಕೆಟ್ಟೈತೆ. ನನ್ನ ಕೂಗು ಹೊರಗೆ ಹೋಗಲ್ಲ.”

“ಎಲ್ಲಿ, ಈಗ ಕೂಗಿ ನೋಡೋಣ.”

ಸಾಬರು ಬಾಗಿಲಿಗೆ ಹೋದರು. ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು. ಬಾಯಿಂದ ಬಂದದ್ದು ಬರೀ ಗಾಳಿ. ನೋಡಲಾಗದೆ ನಾನು ತಲೆ ತಗ್ಗಿಸಿದೆ.

“ಸಾಕು” ಎಂದರು ನ್ಯಾಯಾಧೀಶರು. ಚಂದ್ರಕ್ಕನಿಗೆ ಕಟಕಟೆ ಹತ್ತಲು ಹೇಳಿದರು. ಸಾಬರಿಗೆ, ನಾಳೆಯಿಂದ ಬಾಗಿಲಿಗೆ ಬೇರೆಯವರು ನಿಲ್ಲಲಿ, ನೀವು ಆಸ್ಪತ್ರೆಗೆ ಹೋಗಿ ಎಂದರು. ಸಾಬರು ತಲೆಯಾಡಿಸಿ ಅಲ್ಲೇ ನಿಂತರು.

ಶಾಂತಿ ಸತ್ತ ರಾತ್ರಿ ಏನಾಯಿತೆಂದು ಸರ್ಕಾರಿ ವಕೀಲರು ಕೇಳಿದರು. ಚಂದ್ರಕ್ಕ ಕಟಕಟೆಯನ್ನು ಬಿಗಿಯಾಗಿ ಹಿಡಿದುಕೊಂಡಳು.

“ಫೋನ್‌ನಾಗೆ ಕೂಗಿದ್ಲು ಸ್ವಾಮಿ. ಅವ್ವಾ ಬಾರವ್ವಾ, ಪೆಟ್ರೋಲ್ ಸುರೀತಾ ಅವ್ನೆ ಅಂದ್ಲು. ನಂಗೆ ಚೆನ್ನಾಗಿ ಕೇಳಿಸ್ತು. ಬಸ್ಸಿರ್ಲಿಲ್ಲ. ಬೆಳಿಗ್ಗೆ ಹೋದೆ.”