ಮನೆಗೆಲ್ಲ ಒಂದೇ ಕಪ್ಪು ಕನ್ನಡಕ

ಆ ಮಳೆಗಾಲ ನಾಶಿಕ್‌ನ ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಜಗಳವೇನೂ ಆಗಿರಲಿಲ್ಲ. ಊರ ತುಂಬ ಕಣ್ಣು ಬಂದಿದ್ದವು. ಬೀದರ ಕಡೆಯ ನಾವು ಕೆಂಗಣ್ಣಿನ ಬೇನೆಗೆ ಕಣ್ಣು ಬರುವುದು ಎನ್ನುತ್ತೇವೆ, ನೆರೆಯ ಮರಾಠಿಯವರೂ ಹಾಗೇ ಅನ್ನುತ್ತಿದ್ದರು. ಬಂದವರ ಕಣ್ಣನ್ನು ನೋಡಿದರೆ ಸಾಕು, ನಮಗೂ ಬರುತ್ತದೆ ಎಂಬ ವಿಷಯದಲ್ಲೂ ಎರಡು ಭಾಷೆಯವರಿಗೆ ಒಂದೇ ಮಾತು.

ನಮ್ಮ ಹೆದರಿಕೆಯೆಲ್ಲ ಅಜ್ಜಿಯ, ಅಂದರೆ ಅಪ್ಪನ ತಾಯಿಯ, ಸಲುವಾಗಿ. ಅವಳ ಒಂದು ಕಣ್ಣು ಬೀದರ ಕಡೆಯ ನಮ್ಮ ಊರಲ್ಲಿದ್ದಾಗಲೇ ಹೋಗಿತ್ತು. ಇನ್ನೊಂದಕ್ಕೆ ಪೊರೆ ಬಂದು, ಎದುರು ನಿಂತವರು ನೆರಳಿನಂತಷ್ಟೇ ಕಾಣುತ್ತಿದ್ದರು. ಆ ಕಣ್ಣಿನ ಆಪರೇಷನ್ನಿಗೆ ಔರಂಗಾಬಾದಿನಲ್ಲಿ ದಿನ ಗೊತ್ತಾಗಿತ್ತು. ಈಗ ಆ ಊರು ಛತ್ರಪತಿ ಸಂಭಾಜಿನಗರ, ನನ್ನ ಬಾಯಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿದೆ. ಅಷ್ಟರೊಳಗೆ ಸೋಂಕು ತಗುಲಿದರೆ ಆಪರೇಷನ್ ಇಲ್ಲ, ಉಳಿದ ಆ ಒಂದು ಕಣ್ಣಿನ ಆಸೆಯನ್ನೂ ಬಿಡಬೇಕಾದೀತು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

ಮೊದಲು ತಮ್ಮನಿಗೆ ಬಂದವು. ಒಬ್ಬರ ಕಣ್ಣಿಗೆ ತಾಕಿದ್ದು ಇನ್ನೊಬ್ಬರ ಕಣ್ಣಿಗೆ ತಾಕಬಾರದು ಎಂದು ಓಣಿಯ ಡಾಕ್ಟರು ಹೇಳಿದ್ದೇ ತಡ, ಅಪ್ಪ ಮನೆಯನ್ನೇ ಆಸ್ಪತ್ರೆ ಮಾಡಿಬಿಟ್ಟರು. ಒಬ್ಬೊಬ್ಬರಿಗೆ ಒಂದೊಂದು ಟವೆಲು, ಅದಕ್ಕೊಂದು ಮೊಳೆ. ದಿಂಬುಗಳು ಬೇರೆಯಾದವು, ಸಾಬೂನನ್ನು ಚಾಕುವಿನಿಂದ ತುಂಡು ಮಾಡಿದರು. ಅವ್ವ ದಿನವೂ ಬಟ್ಟೆ ಕುದಿಸಿದಳು. ಇಷ್ಟೆಲ್ಲದರ ಜೊತೆಗೆ ಅಪ್ಪ ಬಸ್‌ ಸ್ಟ್ಯಾಂಡಿನ ಫುಟ್‌ಪಾತಿನಿಂದ ಒಂದು ಕಪ್ಪು ಕನ್ನಡಕ ತಂದರು. ತಮ್ಮನ ನೋಟ ಯಾರಿಗೂ ತಾಗದಿರಲಿ ಎಂದು ಅದನ್ನು ಅವನಿಗೆ ಹಾಕಿ ಮೂಲೆಯಲ್ಲಿ ಕೂಡಿಸಿದರು.

ಅವನದು ವಾಸಿಯಾಗುತ್ತ ಬಂದಿತ್ತು. ಓಣಿಯ ನಲ್ಲಿಯ ಹತ್ತಿರ ಅರ್ಧ ಜನ ಕೆಂಗಣ್ಣಿನವರೇ ಎಂದು ಅವ್ವ ಅದೇ ಕನ್ನಡಕ ಏರಿಸಿಕೊಂಡು ನೀರಿಗೆ ಹೋಗತೊಡಗಿದಳು. ಅವಳಿಗೂ ಬಂದವು. ಕೆಳಗಿನ ಮನೆಯವಳು ಬೇಕಂತಲೇ ಕನ್ನಡಕದ ಸಂದಿಯಿಂದ ನೋಡಿದಳು ಎಂದು ಅವ್ವ ಗುಮಾನಿಪಟ್ಟಳು. ಆ ಬಡಪಾಯಿ ಕೊಟ್ಟಿದ್ದ ಕೊತ್ತಂಬರಿಯೂ ಕಸದ ಪಾಲಾಯಿತು.

ಆಮೇಲೆ ಯಾರ ಮೇಲೆ ಅನುಮಾನವಿಲ್ಲ ಹೇಳಿ? ಹಾಲಿನವನು ಕಣ್ಣುಜ್ಜಿದನೇ? ಪೇಪರು ಯಾರ ಕೈ ದಾಟಿ ಬಂತು? ನಾನು ಸಟಾಣೆ ಊರಿನ ಈರುಳ್ಳಿ ಹೆಚ್ಚಿ ಕಣ್ಣೊರೆಸಿಕೊಂಡರೆ ಮೂರು ಜನ ದೂರ ಸರಿದು ನಿಲ್ಲುತ್ತಿದ್ದರು. ಮನೆಯಲ್ಲಿ ಕಳ್ಳತನವಾದವರ ಹಾಗೆ ನಾವು ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ಕಾಯುತ್ತಿದ್ದೆವು. ಅಜ್ಜಿಗೆ ಊಟ ಕೊಡುವವರೂ ಗೋಡೆ ನೋಡುತ್ತ ತಟ್ಟೆ ಇಟ್ಟು ಬರುತ್ತಿದ್ದರು.

ಬ್ಯಾಂಕಿನ ಕೌಂಟರಿನಲ್ಲಿ ನೂರೆಂಟು ಕಣ್ಣು ಎಂದು ಅಪ್ಪ ಕನ್ನಡಕ ಹಾಕಿಕೊಂಡು ಹೋದರು. ಅಪ್ಪನ ಕಣ್ಣೂ ಕೆಂಡವಾದವು. ಅವರು ಗಿರಾಕಿಗಳನ್ನು ಬಯ್ದರು.

ನನಗೆ ಮಾತ್ರ ಬಂದಿರಲಿಲ್ಲ. ಆಗ ನಾನು ಹೈಸ್ಕೂಲಿನ ಹುಡುಗಿ. ಆ ಕನ್ನಡಕ ನನ್ನ ಮೂಗಿನ ಮೇಲೆ ನಿಲ್ಲದೆ ಜಾರುತ್ತಿತ್ತು, ಹಾಕಿಕೊಂಡರೆ ಗೆಳತಿಯರು ನಗುತ್ತಾರೆಂಬ ನಾಚಿಕೆ ಬೇರೆ. ಔರಂಗಾಬಾದಿಗೆ ಹೊರಡುವ ಬೆಳಿಗ್ಗೆ ಬಸ್ಸಿನ ತುಂಬ ಜನರ ದೃಷ್ಟಿ ತಾಗೀತೆಂದು ಅಪ್ಪ ಅದನ್ನು ಅಜ್ಜಿಗೆ ಹಾಕಲು ಹೋದರು. ಅದು ಅವರ ಕೈಯಲ್ಲಿ ಕಿಟಕಿಯ ಬೆಳಕಿಗೆ ಬಂದಾಗ, ಮೂಗಿನ ಮೇಲೆ ಕೂಡುವ ಜಾಗದಲ್ಲಿ ಹಳದಿಯಾಗಿ ಒಣಗಿದ ಕಣ್ಣಿನ ಪಿಸುರು ಕಂಡಿತು.

“ಅಪ್ಪಾ, ಅದನ್ನ ಅಜ್ಜಿಗ ಹಾಕಬ್ಯಾಡ್ರಿ. ಹಾಕ್ಕೊಂಡವರಿಗೇ ಕಣ್ಣ ಬಂದಾವ,” ಎಂದೆ.

ಅಪ್ಪನಿಗೆ ಸಿಟ್ಟು ಬಂತು. ಕಾಪಾಡುವ ವಸ್ತುವಿನ ಮೇಲೇ ಅನುಮಾನವೇ ಎಂದರು. ಟವೆಲಿಗೆ ಮೊಳೆ ಹೊಡೆದ ಮನುಷ್ಯನಿಗೆ, ಕನ್ನಡಕವೂ ಕಣ್ಣಿಗೆ ತಾಕುತ್ತದೆ ಎಂದು ಹೊಳೆದೇ ಇರಲಿಲ್ಲ. ಅವರ ಲೆಕ್ಕದಲ್ಲಿ ಅದು ಔಷಧಿ. ಅಜ್ಜಿ ನನ್ನ ದನಿ ಬಂದ ಕಡೆ ತಿರುಗಿ ಕೇಳಿದಳು.

“ನೀ ಹಾಕ್ಕೊಂಡಿದ್ದೇನವಾ?”

“ಇಲ್ಲಜ್ಜಿ.”

“ಹಂಗಾರ ಇಕಿನೇ ನನ್ನ ಕೂಡ ಬರಲಿ.”

ಅಜ್ಜಿಯ ಮಾತಿಗೆ ಮನೆಯಲ್ಲಿ ಎದುರು ಮಾತಿರಲಿಲ್ಲ. ಕಪ್ಪು ಕನ್ನಡಕ ಮನೆಯಲ್ಲೇ ಉಳಿಯಿತು. ನಾನು ಕೈ ತೊಳೆದುಕೊಂಡು ಅವಳ ಕೈ ಹಿಡಿದೆ. ಕಣ್ಣಿನ ಕೆಂಪು ಇನ್ನೂ ಹೋಗಿರದ ಅಪ್ಪ ಬಸ್ಸಿನ ಹಿಂದಿನ ಸೀಟಿನಲ್ಲಿ ದೂರ ಕುಳಿತರು. ದಾರಿಯ ಯೇವಲೆ ಊರು ದಾಟಿದ ಮೇಲೆ ಅಜ್ಜಿ ಮೆಲ್ಲಗೆ, “ನನಗ ಕಾಣಂಗಿಲ್ಲ ಖರೆ. ಆದ್ರ ಯಾರೂ ನನ್ನ ಕಡೆ ನೋಡವಲ್ರು ಅಂಬೋದು ತಿಳೀತದವಾ,” ಎಂದಳು. ನನಗೆ ಅಳು ಬಂತು. ಕಣ್ಣು ಕೆಂಪಾದರೆ ಆಸ್ಪತ್ರೆಯವರು ಅನುಮಾನಪಟ್ಟಾರೆಂದು ತಡೆದುಕೊಂಡೆ.

ಆಪರೇಷನ್ ಆಯಿತು. ಗಾಯ ಮಾಯ್ದ ಮೇಲೆ ಅಜ್ಜಿಗೆ ದಪ್ಪ ಗಾಜಿನ ಕನ್ನಡಕ ಬಂತು. ಮನೆಯಲ್ಲಿ ಅದನ್ನು ಮುಟ್ಟಲು ಹೋದ ತಮ್ಮನ ಕೈಗೆ ಪಟ್ಟೆಂದು ಒಂದು ಕೊಟ್ಟಳು. ತಾನೇ ಸಾಬೂನಿನಿಂದ ತೊಳೆದು, ತನ್ನ ಮೊಳೆಯ ಟವೆಲಿನಿಂದ ಒರೆಸಿ ಹಾಕಿಕೊಂಡಳು. ಆಮೇಲೆ ಅಪ್ಪನನ್ನು ಕರೆದಳು. ಅಪ್ಪನ ಕಣ್ಣು ಯಾವತ್ತೋ ವಾಸಿಯಾಗಿದ್ದವು, ಆದರೂ ಅವರು ರೂಢಿಯಂತೆ ಗೋಡೆ ನೋಡುತ್ತ ನಿಂತರು. ಅಜ್ಜಿ ಅವರ ಗದ್ದ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದಳು.

“ನಿನ್ನ ಕೂದಲಾ ಯಾವಾಗ ಬೆಳ್ಳಗಾದ್ವೋ ಮಗನ,” ಎಂದಳು.