ಹರಿಯಲಿಕ್ಕೇ ಕಟ್ಟಿದ ದಾರ

ಬೇರೆ ಮಿಸ್ತ್ರಿಗಳ ಜೇಬಿನಲ್ಲಿ ನಟ್ಟು ಬಿಗಿಯುವ ಪಾನಾ ಇದ್ದರೆ, ಬೆಟಗೇರಿಯ ವಿರೂಪಾಕ್ಷಪ್ಪನವರ ಜೇಬಿನಲ್ಲಿ ಹತ್ತಿ ದಾರ ಸುತ್ತಿದ ಕಂಡಿಕೆ ಇರುತ್ತಿತ್ತು. ಅವರದು ನೇಕಾರರ ಮನೆತನ. ಮಗ್ಗ ನಿಂತ ಮೇಲೆ ಅದೇ ಕೋಣೆಯ ಗೋಡೆ ಒಡೆಸಿ, ಗಾಡಿಗಳ ಸ್ಪ್ರಿಂಗ್ ಕೆಲಸ ಶುರುಮಾಡಿದ್ದರು. ಮಗ್ಗದ ಕುಣಿಯನ್ನೇ ಉದ್ದಕ್ಕೆ ತೋಡಿಸಿ, ಅದರೊಳಗೆ ನಿಂತು ಕಾರಿನ ಹೊಟ್ಟೆ ನೋಡುತ್ತಿದ್ದರು.

“ನಮ್ಮಪ್ಪ ಇದರಾಗ ಕಾಲ ಇಳಿಬಿಟ್ಟು ಸೀರಿ ನೇದ. ನಾ ನೆತ್ತಿಮ್ಯಾಲ ಎಣ್ಣಿ ಬೀಳಿಸ್ಕೊಳ್ಳಾಕತ್ತೇನಿ” ಎಂದು ನಗುತ್ತಿದ್ದರು.

ಲಕ್ಷ್ಮೇಶ್ವರದ ಹುಡುಗರಿಬ್ಬರು ಒಮ್ಮೆ ಬಂದು, ಗಾಡಿ ನೆಲಕ್ಕೆ ತಗ್ಗಿ ಕೂರಬೇಕು, ಇದ್ದ ಸ್ಪ್ರಿಂಗನ್ನೇ ಎರಡು ಸುತ್ತು ಕತ್ತರಿಸಿಕೊಡಿ ಎಂದರು. ಮಿಸ್ತ್ರಿ ಕುಣಿಯಿಂದ ತಲೆ ಎತ್ತಿ, “ಚೊಣ್ಣ ಗಿಡ್ಡ ಆತಂತ ಕಾಲ ಕಡಕೊಂತಾರೇನಲೇ?” ಎಂದರು. ಆ ಹುಡುಗರು ಚಹಾ ಕುಡಿದು, ಕತ್ತರಿಸಿಕೊಳ್ಳದೆ ಹೋದರು. ಮಿಸ್ತ್ರಿಯ ಮಾತು ಒಂದೇ: “ಗಾಡಿ ನೆಲಕ್ಕ ನಮಸ್ಕಾರ ಮಾಡಬೇಕು. ಅಡ್ಡ ಬೀಳಬಾರದು.”

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಮುಂಡರಗಿ ಸುತ್ತ ಮಣ್ಣು ಅಗೆಯುವ ಯಂತ್ರದ ಮೇಲೆ ಇಪ್ಪತ್ತು ವರ್ಷ ಕೂತು, ಈಗ ಅಂಥವೇ ಎರಡರ ಮಾಲಕ. ಯಾರ ಹಂಗೂ ಇಲ್ಲದೆ ಒಂದು ಕೆಂಪು ಸ್ಪೋರ್ಟ್ಸ್ ಕಾರು ಕೊಂಡೆ. ಹಳೆಯದೇ, ಎರಡು ಬಾಗಿಲಿನದು. ಮೊದಲಿನವರು ಕಂಪನಿಯ ಚಕ್ರ ತೆಗೆಸಿ ಅಗಲವಾದ ಅಲಾಯ್ ಚಕ್ರ ಹಾಕಿಸಿದ್ದರು. ಚಕ್ರ ದೊಡ್ಡದಾಗಿ ಮೈ ಎತ್ತರವೇ ಉಳಿದು, ಗಾಡಿ ಬೂಟು ಹಾಕಿಕೊಂಡ ಕೋಳಿಯಂತೆ ಕಾಣುತ್ತಿತ್ತು.

“ಎರಡ ಇಂಚು ಇಳಿಸೂ ಸ್ಪ್ರಿಂಗ್ ಹಾಕ್ರಿ” ಎಂದೆ.

“ಯಾರ ಕೂಡತಾರ ಇದರಾಗ?”

“ನಾನು. ಎಡಕ್ಕ ನನ್ನ ಹೇಂತಿ ಶಾರದಾ.”

“ಹಂಗಾದ್ರ ದಾರಾನ ಕೇಳೂಣು, ತಡಿ ತಮ್ಮಾ.”

ಅವರ ಪರೀಕ್ಷೆ ಹೀಗಿತ್ತು. ಗಾಡಿ ಎಷ್ಟು ಇಳಿಯಬೇಕೋ ಅಷ್ಟು ಕೆಳಗೆ, ಚಕ್ರದ ಮೇಲಿನ ತಗಡಿನ ಒಳಗೆ ಈ ಸ್ಕ್ರೂನಿಂದ ಆ ಸ್ಕ್ರೂಗೆ ದಾರ ಕಟ್ಟುವರು. ತುದಿಯನ್ನು ನಾಲಿಗೆಗೆ ಮುಟ್ಟಿಸಿ, ಒಂದೇ ಕೈಯಲ್ಲಿ ನೇಕಾರರ ಸಣ್ಣ ಗಂಟು. ಮಂದಿ ತುಂಬಿಕೊಂಡು ಡಂಬಳದ ತನಕ ಹೋಗಿ ಬರಬೇಕು. ಈಗ ಟಾಯರು ದಾರ ಹರಿದರೆ, ಇಳಿಸಿದ ಮೇಲೆ ಅದೇ ಟಾಯರು ತಗಡಿಗೆ ಉಜ್ಜಿ ತಾನೇ ಹರಿಯುತ್ತದೆ. ಗಾಡಿ ವಾಪಸು ಬರುವ ತನಕ ಅವರು ಚಹಾ ಮುಟ್ಟುತ್ತಿರಲಿಲ್ಲ.

ಗೆಳೆಯರಿಬ್ಬರನ್ನು ಹತ್ತಿಸಿಕೊಂಡು ಹೋದೆ. ಡಂಬಳದ ಕೆರೆಯ ತಿರುವಿನಲ್ಲಿ ಒಂದು ತಗ್ಗು. ಇಳಿದು ನೋಡಿದರೆ ಎಡಗಡೆ ಮುಂದಿನ ದಾರ ಎರಡು ತುಂಡು.

“ಹೋತಲೇ ನಿನ್ನ ಎರಡ ಇಂಚು!” ಎಂದು ಗೆಳೆಯರು ಕೇಕೆ ಹಾಕಿದರು.

ಆ ನಗು ಚುಚ್ಚಿತು. ಗುಡಿಯ ಮುಂದೆ ಹೂ ಮಾರುವವಳ ಹತ್ತಿರ ಒಂದು ಮೊಳ ದಾರ ಇಸಿದುಕೊಂಡೆ, ಕಟ್ಟಿದೆ, ಹೊಸದೆಂದು ಕಾಣಬಾರದೆಂದು ಎರೆಮಣ್ಣು ಸವರಿದೆ. ಇಪ್ಪತ್ತು ವರ್ಷ ದುಡಿದವನು ಮಾಡಿದ ಕೆಲಸ ಅದು.

ಬೆಟಗೇರಿಯಲ್ಲಿ ಮಿಸ್ತ್ರಿ ಬಗ್ಗಿ, ಕಣ್ಣಿನಿಂದಲ್ಲ, ಬೆರಳಿನಿಂದ ನೋಡಿದರು. ಎಡಗಡೆ ಬೆರಳು ನಿಂತಿತು.

“ದಾರೇನೋ ಹರದಿಲ್ಲ. ಗಂಟ ಬದಲಾಗೇತಿ.”

ನನ್ನ ಮುಖ ನೆಲ ನೋಡಿತು. ಅವರು ಗೆಳೆಯರನ್ನು ಚಹಾ ತರಲು ಕಳಿಸಿದರು. ಆ ಇಬ್ಬರು ಹೋದ ಮೇಲೆ ಮೆಲ್ಲಗೆ ಹೇಳಿದರು: “ಹರಿಯಾಕಂತನಽ ಕಟ್ಟಿದ್ದು ಅದು, ತಮ್ಮಾ. ಹರದ್ರ ನಿನಗ್ಯಾಕ ಅವಮಾನ? ಎಡಕ್ಕ ಕೂಡಾಕಿ ಯಾರು? ನೀ ಮುಚ್ಚಿಟ್ಟಿದ್ದು ನನ್ನ ಮುಂದಲ್ಲ, ಆಕಿ ಮುಂದ.”

ಮರುದಿನ ಒಂದೇ ಇಂಚು ಕೆಳಗೆ ದಾರ ಕಟ್ಟಿದರು. ಈ ಸಲ ಶಾರದಾ ಎಡಕ್ಕೆ ಕೂತಳು. ಮಿಸ್ತ್ರಿ ಹಿಂದಿನ ಕಿರಿದಾದ ಸೀಟಿನಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತರು. ಶಿರಹಟ್ಟಿ ತನಕ ಹೋಗಿ ಬಂದೆವು.

“ಅಕ್ಕವ್ವ, ನಿನ್ನ ಗಂಡ ಸ್ಪೋರ್ಟ್ಸ್ ಕಾರ್ ತಂದಿಲ್ಲ, ತೊಟ್ಟಿಲಾ ತಂದಾನ” ಎಂದು ಅವರು ದಾರಿಯುದ್ದಕ್ಕೂ ಆಕೆಯನ್ನು ನಗಿಸಿದರು.

ದಾರ ನಾಲ್ಕೂ ಕಡೆ ಗಟ್ಟಿಯಿತ್ತು. ಒಂದು ಇಂಚಿನ ಸ್ಪ್ರಿಂಗ್ ಕೂತ ದಿನ, ಮಿಸ್ತ್ರಿ ದೂರ ನಿಂತು ಕುತ್ತಿಗೆ ವಾರೆ ಮಾಡಿ ನೋಡಿ, “ಈಗ ನಮಸ್ಕಾರ ಮಾಡಾಕತ್ತೈತಿ” ಎಂದರು. ಹಳೆಯ ದಾರ ಬಿಚ್ಚಿ, ತಗಡಿಗೆ ಹತ್ತಿರ ಹೊಸದು ಕಟ್ಟಿದರು. “ಇದು ಇರ್ಲಿ. ಸ್ಪ್ರಿಂಗ್ ಮುದುಕ ಆದಾಗ ಇದಽ ಖಬರ ಕೊಡತೈತಿ.” ನಾನು ಹೊರಡುವ ಮುಂಚೆ ಆ ಸಣ್ಣ ಗಂಟು ಹಾಕುವುದನ್ನು ನನ್ನ ಬೆರಳಿಗೆ ಕಲಿಸಿದರು. ಎಂಟು ಸಲ ತಪ್ಪಿದೆ. ಒಂಬತ್ತನೆಯದಕ್ಕೆ “ಶಾಣ್ಯಾ ಅದಿ” ಎಂದರು. ಶಾಲೆಯಲ್ಲಿ ಆ ಮಾತು ನನಗೆ ಯಾರೂ ಅಂದಿರಲಿಲ್ಲ.

ಹೋದ ವರ್ಷ ಮಿಸ್ತ್ರಿ ತೀರಿಕೊಂಡರು. ಅವರ ಕುಣಿಯ ಮೇಲೆ ಈಗ ಹಲಗೆ ಹಾಸಿದ್ದಾರೆ.

ಮೊನ್ನೆ ಶಾರದಾಳ ಜೊತೆ ಕುರ್ತಕೋಟಿಗೆ ಹೊರಟಿದ್ದೆ. ಚಹಾಕ್ಕೆಂದು ನಿಲ್ಲಿಸಿದಾಗ ರೂಢಿಯಂತೆ ಚಕ್ರಗಳ ಮೇಲಿನ ತಗಡಿನೊಳಗೆ ಬೆರಳು ಆಡಿಸಿದೆ. ಎಡಗಡೆಯ ದಾರ ಹರಿದು ಜೋತುಬಿದ್ದಿತ್ತು. ಅವರ ಗಂಟು ಮಾತ್ರ ಸ್ಕ್ರೂ ಹಿಡಿದುಕೊಂಡೇ ಇತ್ತು.

ನನ್ನ ಜೇಬಿನಲ್ಲೂ ಈಗ ಕಂಡಿಕೆ ಇರುತ್ತದೆ. ಆ ಗಂಟನ್ನು ನಾನು ಈಗ ಹಾಗೇ ಹಾಕಬಲ್ಲೆ; ಹಾಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕಂಡಿಕೆ ತೆಗೆಯಲಿಲ್ಲ. ಒಳಗೆ ಕೂತು, “ನಿನ್ನ ಕಡಿ ದಾರ ಹರದೈತಿ” ಎಂದೆ.

“ಮಿಸ್ತ್ರಿ ಹೇಳಿ ಕಳಸ್ಯಾರ ನೋಡ್ರಿ” ಎಂದಳು. “ಸಾವಕಾಶ ಹೊಡೀರಿ.”

ಗಾಡಿ ತಿರುಗಿಸಿದೆ. ಊರು ಮುಟ್ಟುವ ತನಕ ಎತ್ತಿನ ಬಂಡಿಯಂತೆ ಹೊಡೆದೆ.