ದೊಡ್ಡಮ್ಮನ ಬಲಗೈಗೆ ಒಂದು ಸ್ಪ್ರಿಂಗು

ನಮ್ಮ ದೊಡ್ಡಪ್ಪನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯವರೆಲ್ಲ ಹೇಳುತ್ತಾರೆ, ಆದರೆ ಅದು ಸರಿಯಲ್ಲ, ಮೂಗಿನ ತನಕ ಬಂದು ಕಾಯುವಷ್ಟು ಪುರುಸೊತ್ತು ಆ ಕೋಪಕ್ಕೆ ಎಲ್ಲಿದೆ, ಅದು ಬೆಳಗ್ಗೆ ಅವರಿಗಿಂತ ಮೊದಲೇ ಎದ್ದು ಚಪ್ಪಲಿ ಮೆಟ್ಟಿ ನಿಂತಿರುತ್ತದೆ. ಮೂವತ್ತೊಂದು ವರ್ಷ ಪಂಪಿನ ಕಾರ್ಖಾನೆಯಲ್ಲಿ ಲೇತ್ ಮೇಲೆ ಕಬ್ಬಿಣ ಕಡೆಯುವ ಟರ್ನರ್ ಆಗಿದ್ದವರು. ಅಲ್ಲಿ ಅವರಿಗೆ ಮೈಕ್ರಾನ್ ಎಂದು ಅಡ್ಡಹೆಸರು. ಅಳತೆ ಕೂದಲೆಳೆಯಷ್ಟು ತಪ್ಪಿದ ತುಂಡು ಕೈಗೆ ಬಂದರೆ ಅದನ್ನು ಮಾಡಿದವನ ಮುಂದೆ ತಂದು ಕುಕ್ಕಿ, ಇದನ್ನು ನಿಮ್ಮ ಮನೆ ಬಾಗಿಲಿಗೆ ಅಡ್ಡ ಇಟ್ಕೋ ಎಂದು ಹೇಳಿ ಹೋಗುತ್ತಿದ್ದರಂತೆ. ಅವರದು ಇನ್ನೊಂದು ಹಟ ಇತ್ತು: ಮುಗಿಯದ ಕೆಲಸವನ್ನು ಗಿರಾಕಿಗೆ ತೋರಿಸಬಾರದು. ಅರ್ಧ ಆದದ್ದನ್ನು ತೋರಿಸಿದರೆ ಅವನು ಬಾಯಿ ಹಾಕುತ್ತಾನೆ, ಬಾಯಿ ಹಾಕಿದರೆ ಕೆಲಸ ಕೆಡುತ್ತದೆ. ಕಾರ್ಖಾನೆ ಮುಚ್ಚಿದ ಮೇಲೆ ಅಲ್ಲಿಂದ ಒಂದು ಹಳೆಯ ಲೇತ್ ತಂದು ಮನೆಯ ಹಿಂದಿನ ಕೋಣೆಯಲ್ಲಿ ಕೂರಿಸಿಕೊಂಡರು, ಹಟವೂ ಅದರ ಜೊತೆಗೇ ಬಂತು.

ಮನೆಯ ಮುಂದಿನ ಕೋಣೆ ದೊಡ್ಡಮ್ಮನದು. ಇಪ್ಪತ್ತಾರು ವರ್ಷದಿಂದ ಅಲ್ಲಿ ಬಟ್ಟೆ ಹೊಲಿಯುತ್ತಿದ್ದವರಿಗೆ ಹೋದ ವರ್ಷ ತಲೆಯಲ್ಲಿ ರಕ್ತ ಹೆಪ್ಪುಗಟ್ಟಿ ಬಲಗೈ ಬಿದ್ದುಹೋಯಿತು. ವ್ಯಾಯಾಮ ಮಾಡಿಸಿ ಮಾಡಿಸಿ ಕೈ ಅರ್ಧ ವಾಪಸು ಬಂತು, ಆದರೆ ಎಂಥ ಅರ್ಧ ಎಂದರೆ ಬೆರಳು ಮುಚ್ಚುತ್ತವೆ, ಬಿಚ್ಚುವುದಿಲ್ಲ. ಕತ್ತರಿ ಕೊಟ್ಟರೆ ಒಂದು ಸಲ ಕಚಕ್ ಎಂದು ಮುಚ್ಚುತ್ತಾರೆ, ಆಮೇಲೆ ಎಡಗೈಯಲ್ಲಿ ಒಂದೊಂದೇ ಬೆರಳನ್ನು ಬಿಡಿಸಿಕೊಳ್ಳಬೇಕು. ಮುಂದಿನ ತಿಂಗಳ ಕೊನೆಯೊಳಗೆ ಕತ್ತರಿ ಹಿಡಿಯಲು ಆಗದಿದ್ದರೆ ಅಂಗಡಿ ಮುಚ್ಚುತ್ತೇನೆ, ಬಟ್ಟೆ ಕತ್ತರಿಸುವ ದೊಡ್ಡ ಮೇಜನ್ನು ಪಕ್ಕದ ಬೀದಿಯ ಹೊಲಿಗೆ ಟೀಚರಿಗೆ ಕೊಡುತ್ತೇನೆ ಎಂದು ಅವರು ಒಂದು ದಿನ ಹೇಳಿದರು. ಅಳಲಿಲ್ಲ, ಕರೆಯಲಿಲ್ಲ, ಹಾಲು ತರಬೇಕು ಎನ್ನುವ ಹಾಗೆ ಹೇಳಿದರು. ದೊಡ್ಡಪ್ಪನ ಪಿತ್ತ ನೆತ್ತಿಗೇರಿದ್ದು ಅದಕ್ಕೇ. ಊಟದ ತಟ್ಟೆ ಸರಿಸಿ ಎದ್ದು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಅವರು ಮಾಡಲು ಹೊರಟಿದ್ದು ತಾನಾಗೇ ಬಿಚ್ಚಿಕೊಳ್ಳುವ ಕತ್ತರಿ. ಎರಡು ಹಿಡಿಗಳ ನಡುವೆ, ತಿರುಗಣಿಯ ಮೊಳೆಯ ಸುತ್ತ ಒಂದು ಸ್ಪ್ರಿಂಗು ಕೂರುತ್ತದೆ, ಮುಚ್ಚಿದ ಮೇಲೆ ಅದು ಹಿಡಿಗಳನ್ನು ಅಗಲಿಸುತ್ತದೆ, ಹಿಡಿಯೊಳಗಿನ ಬೆರಳುಗಳೂ ಜೊತೆಗೆ ಬಿಚ್ಚಿಕೊಳ್ಳುತ್ತವೆ. ಎಷ್ಟು ಸರಳ ನೋಡಿ, ನನಗಂತೂ ಕೇಳಿದ ಕೂಡಲೇ ಕುಣಿಯುವ ಹಾಗಾಯಿತು, ನಾನೇ ಹೋಗಿ ವ್ಯಾಯಾಮ ಮಾಡಿಸುವ ಡಾಕ್ಟರಮ್ಮನಿಗೆ ಡ್ರಾಯಿಂಗ್ ತೋರಿಸಿಬಿಟ್ಟೆ. ಅವರು ನಮ್ಮಲ್ಲಿ ಇಂಥದೇ ಕೈಯವರು ಇನ್ನೂ ಎಂಟು ಜನ ಇದ್ದಾರೆ, ಅವರಿಗೂ ಮಾಡಿಕೊಡಿ ಎಂದರು. ಮುಗಿಯದ ಕೆಲಸ ತೋರಿಸಿದ್ದಕ್ಕೆ ದೊಡ್ಡಪ್ಪ ನನ್ನ ಜೊತೆ ಎರಡು ದಿನ ಮಾತು ಬಿಟ್ಟರು, ಮೂರನೆಯ ದಿನ ಒಂಬತ್ತು ಕತ್ತರಿಗೆ ಸ್ಟೀಲ್ ತಂದರು.

ಮೊಳೆ, ತಿರುಪು, ಹಿಡಿ ಎಲ್ಲ ಇಪ್ಪತ್ತು ದಿನದಲ್ಲಿ ಮುಗಿದವು. ಸ್ಪ್ರಿಂಗ್ ಒಂದು ಸಿಗಲಿಲ್ಲ. ಅದು ಪೆನ್ನಿನೊಳಗೆ ಇರುವಂಥದ್ದಲ್ಲ. ಮೂರೂವರೆ ಸುತ್ತು, ಆಮೇಲೆ ಕಾಲಿನ ಹಾಗೆ ಚಾಚಿದ ಎರಡು ತುದಿ, ಒಂದು ನೇರ, ಇನ್ನೊಂದು ಕೊಕ್ಕೆಯ ಹಾಗೆ ಬಗ್ಗಿದ್ದು. ಬಟ್ಟೆ ಒಣಹಾಕುವ ಕ್ಲಿಪ್ಪಿನದು ತೀರಾ ಪಾಪದ್ದು. ಇಲಿ ಬೋನಿನದು ಹಾಕಿದರೆ ಕತ್ತರಿ ಕೈಯಿಂದ ಹಾರಿ ಗಡಿಯಾರಕ್ಕೆ ಬಡಿಯಿತು. ಗಿಡ ಕತ್ತರಿಸುವ ಕತ್ತರಿಯದು, ಸೈಕಲ್ ಸ್ಟ್ಯಾಂಡಿನದು, ಹಳೆಯ ಟೈಪ್‌ರೈಟರಿನ ಹೊಟ್ಟೆಯೊಳಗಿನದು, ಒಂದೂ ಒಗ್ಗಲಿಲ್ಲ. ಪ್ರತಿಯೊಂದನ್ನೂ ಅವರು ಹಿಂದಿನ ಕೋಣೆಯಲ್ಲಿ ನಿಂತು, ತಮ್ಮ ಮುಷ್ಟಿಯಲ್ಲಿ ಹತ್ತು ಸಲ ಒತ್ತಿ ನೋಡಿ, ಬೈದು, ಡಬ್ಬಕ್ಕೆ ಎಸೆಯುತ್ತಿದ್ದರು.

ಆಮೇಲೆ ನನ್ನ ಸ್ಕೂಟರಿನ ಹಿಂದೆ ಕೂತು ಊರಿನ ಸ್ಪ್ರಿಂಗ್ ಕಾರ್ಖಾನೆಗಳನ್ನೆಲ್ಲ ಸುತ್ತಿದರು. ಮೊದಲನೆಯವನು ಎಷ್ಟು ಬೇಕು ಎಂದ, ಒಂಬತ್ತರ ಮೇಲೆ ಒಂದು ಹೆಚ್ಚಿಗೆ ಇರಲಿ ಎಂದು ಹತ್ತು ಎಂದರು, ಹತ್ತು ಸಾವಿರವಾ ಎಂದ, ಹತ್ತು ಎಂದರು. ಅವನು ನಕ್ಕ. ಐದು ಸಾವಿರಕ್ಕೆ ಕಡಿಮೆ ಇದ್ದರೆ ಮೆಷಿನ್ನಿಗೆ ತಂತಿಯನ್ನೇ ಏರಿಸುವುದಿಲ್ಲವಂತೆ. ಎರಡನೆಯ ಕಡೆ ಈಮೇಲ್ ಮಾಡಿ ಎಂದರು. ಮೂರನೆಯ ಕಡೆ ಟೈ ಕಟ್ಟಿದ ಹುಡುಗನೊಬ್ಬ, ಅಂಕಲ್, ಇಂಥದ್ದು ಆನ್‌ಲೈನಲ್ಲಿ ಸಿಗುತ್ತಲ್ಲ ಎಂದುಬಿಟ್ಟ. ದೊಡ್ಡಪ್ಪ ಎಣ್ಣೆಗೆ ಬಿದ್ದ ಸಾಸಿವೆಯಾದರು.

“ಸಿಕ್ಕಿದ್ರೆ ನಿನ್ನ ಮುಖ ನೋಡಕ್ಕೆ ಬರ್ತಿದ್ನೇನಪ್ಪಾ?”

ಕೊನೆಗೆ ರೈಲು ಹಳಿಯ ಆಚೆಯ ಸಂದಿಯಲ್ಲಿ ಸುರುಳಿಯಜ್ಜ ಸಿಕ್ಕಿದರು. ಮಂಚದಷ್ಟು ಅಗಲದ ಅಂಗಡಿ, ಗೋಡೆ ತುಂಬ ತಂತಿಯ ಸುತ್ತು, ಕೈಯಲ್ಲೇ ಹಿಡಿಕೆ ತಿರುಗಿಸಿ ಸ್ಪ್ರಿಂಗ್ ಸುತ್ತುವ ಮುದುಕರು. ಹತ್ತು ಎಂದಾಗ ನಗಲಿಲ್ಲ. ಡ್ರಾಯಿಂಗನ್ನು ಬೆಳಕಿಗೆ ಹಿಡಿದು ನೋಡಿ ಒಂದೇ ಪ್ರಶ್ನೆ ಕೇಳಿದರು.

“ಇದನ್ನ ಒತ್ತೋ ಕೈ ಎಷ್ಟು ಗಟ್ಟಿ, ಯಜಮಾನ್ರೇ?”

ದೊಡ್ಡಪ್ಪನ ಮುಖ ಕೆಂಪಾಯಿತು. ತಂತಿ ಎಷ್ಟು ದಪ್ಪ, ಸುತ್ತು ಎಷ್ಟು ಅಗಲ, ಕಾಲು ಎಷ್ಟು ಉದ್ದ ಎಲ್ಲ ಬರೆದಿದೆ, ಬರೆದದ್ದನ್ನು ಸುತ್ತುವುದು ನಿಮ್ಮ ಕೆಲಸ, ಇಲ್ಲದ ಪ್ರಶ್ನೆ ಯಾಕೆ ಎಂದು ಗುಡುಗಿದರು. ಅಜ್ಜ ಸರಿ ಎಂದು ತಲೆಯಾಡಿಸಿದರು. ನಾಲ್ಕು ದಿನಕ್ಕೆ ಹತ್ತೂ ಬಂದವು. ದೊಡ್ಡಪ್ಪ ವೆರ್ನಿಯರ್ ಹಿಡಿದು ಅಳೆದರು, ಹತ್ತರಲ್ಲಿ ಒಂದೂ ತಪ್ಪಿಲ್ಲ. ಬೈಯಲು ಏನೂ ಸಿಗದೆ ಕೋಣೆಯಲ್ಲಿ ಸುಮ್ಮನೆ ಎರಡು ಸುತ್ತು ಹಾಕಿದರು.

ದೊಡ್ಡಮ್ಮ ಹೇಳಿದ ಗಡುವಿಗೆ ಮೂರು ದಿನ ಇತ್ತು. ಪಾಲಿಶ್ ಮಾಡಿದ ಕತ್ತರಿಯನ್ನು ದೊಡ್ಡಪ್ಪ ಮುಂದಿನ ಕೋಣೆಯ ಮೇಜಿನ ಮೇಲೆ ತಂದಿಟ್ಟರು. ದೊಡ್ಡಮ್ಮ ಅದನ್ನು ನೋಡಿದರು, ಅವರನ್ನು ನೋಡಿದರು, ಎಡಗೈಯಿಂದ ಬಲಗೈ ಬೆರಳುಗಳನ್ನು ಹಿಡಿಯೊಳಗೆ ತೂರಿಸಿ ಒತ್ತಿದರು. ಕತ್ತರಿ ಅಲುಗಲಿಲ್ಲ. ಇನ್ನೊಮ್ಮೆ ಒತ್ತಿದರು, ಉಗುರು ಬೆಳ್ಳಗಾಯಿತು, ತುಟಿ ಕಚ್ಚಿಕೊಂಡರು, ಅಲಗು ಒಂದು ಬೆರಳಷ್ಟು ಹತ್ತಿರ ಬಂದು ಮತ್ತೆ ಬಾಯಿ ತೆರೆದುಕೊಂಡಿತು. ನನ್ನ ಸಂಭ್ರಮವೆಲ್ಲ ಅಲ್ಲೇ ಇಳಿದುಹೋಯಿತು. ಸ್ವಲ್ಪ ಜೋರಾಗಿ ಒತ್ತು ಎಂದರು ದೊಡ್ಡಪ್ಪ.

ದೊಡ್ಡಮ್ಮ ಕತ್ತರಿಯನ್ನು ನೆಲಕ್ಕೆ ಬೀಸಿ ಒಗೆದರು. ಇಷ್ಟು ವರ್ಷದಲ್ಲಿ ಅವರು ದನಿ ಏರಿಸಿದ್ದನ್ನು ನಾನು ಕೇಳಿದ್ದಿಲ್ಲ, ಆವತ್ತೂ ಏರಿಸಲಿಲ್ಲ, ಆದರೆ ಆ ಮಾತು ಲೇತಿನಿಂದ ಸಿಡಿಯುವ ಕಬ್ಬಿಣದ ಹುಡಿಗಿಂತ ಬಿಸಿ ಇತ್ತು.

“ಊರಲ್ಲಿರೋ ಸ್ಪ್ರಿಂಗೆಲ್ಲ ಒತ್ತಿ ನೋಡಿದ್ರಲ್ಲ ರೀ, ನಿಮ್ಮ ಕೈಲಿ. ನನ್ನ ಕೈ ಪಕ್ಕದ ಕೋಣೆಲೇ ಇತ್ತು. ಒಂದು ದಿನ ಬಂದು ಕೇಳಿದ್ರಾ?”

ದೊಡ್ಡಪ್ಪ ಬಾಯಿ ತೆರೆದರು. ಮುಗಿಯದ ಕೆಲಸ ತೋರಿಸಬಾರದು ಎಂಬುದನ್ನೇ ಹೇಳಲು ಹೊರಟಿರಬೇಕು.

“ನಾನು ಗಿರಾಕಿನಾ ನಿಮಗೆ?” ಎಂದರು ದೊಡ್ಡಮ್ಮ.

ದೊಡ್ಡಪ್ಪ ಕತ್ತರಿ ಎತ್ತಿಕೊಂಡು ಸ್ಕ್ರೂಡ್ರೈವರ್ ಹುಡುಕತೊಡಗಿದರು. ತಪ್ಪೆಲ್ಲ ಆ ಮುದುಕನದು, ಈಗಲೇ ಹೋಗಿ ವಿಚಾರಿಸುತ್ತೇನೆ ಎಂದು ಚಪ್ಪಲಿ ಹಾಕಿದರು. ನಾನೂ ಬರ್ತೀನಿ ಎಂದು ದೊಡ್ಡಮ್ಮ ಎದ್ದರು. ಬೇಡ ಎಂದರು ದೊಡ್ಡಪ್ಪ. ಬರ್ತೀನಿ ಎಂದರು. ಆಟೋದಲ್ಲಿ ಇಬ್ಬರೂ ಎರಡು ಕಡೆಗೆ ಮುಖ ಮಾಡಿ ಕೂತರು, ನಡುವೆ ನಾನು, ಆಚೀಚೆ ಎರಡು ಒಲೆ ಉರಿಯುತ್ತಿದ್ದ ಹಾಗಿತ್ತು.

ಅಂಗಡಿಯಲ್ಲಿ ದೊಡ್ಡಪ್ಪನ ಕೂಗಾಟ ಮುಗಿಯುವ ತನಕ ಸುರುಳಿಯಜ್ಜ ಕಾದರು. ಅಳತೆಯಲ್ಲಿ ತಪ್ಪಿದೆಯಾ ಎಂದು ಕೇಳಿದರು. ಇಲ್ಲ ಎಂದು ದೊಡ್ಡಪ್ಪ ಒಪ್ಪಿಕೊಳ್ಳಬೇಕಾಯಿತು. ಆಗ ಅಜ್ಜನಿಗೂ ಸಿಟ್ಟು ಬಂತು.

“ಡ್ರಾಯಿಂಗ್ ತಂದ್ರಿ, ಕೈ ತರ್ಲಿಲ್ಲ. ಕೇಳಿದ್ದಕ್ಕೆ ನನ್ನ ಮೇಲೇ ಹರಿಹಾಯ್ದ್ರಿ. ಈಗ ಸುಮ್ನೆ ಆ ಸ್ಟೂಲ್ ಮೇಲೆ ಕೂತ್ಕೊಳ್ಳಿ. ತಾಯಿ, ಕೈ ಕೊಡಿ ಇಲ್ಲಿ.”

ಅವರು ದೊಡ್ಡಮ್ಮನ ಬೆರಳನ್ನು ತಕ್ಕಡಿಯ ತಟ್ಟೆಯ ಮೇಲಿಟ್ಟು ಒತ್ತಿಸಿದರು, ಮೂರು ಸಲ. ಆಮೇಲೆ ಕೊಕ್ಕೆ ತಕ್ಕಡಿಯನ್ನು ಬೆರಳಿಗೆ ಸಿಕ್ಕಿಸಿ, ಮುಚ್ಚಿದ ಮುಷ್ಟಿ ಬಿಚ್ಚಲು ಎಷ್ಟು ಎಳೆಯಬೇಕು ಎಂದು ನೋಡಿದರು. ಆ ಎರಡು ತೂಕಗಳ ನಡುವೆ ಇದ್ದ ಅಂತರ ತೀರಾ ಕಿರಿದು. ಸ್ಪ್ರಿಂಗ್ ಅದಕ್ಕಿಂತ ಗಟ್ಟಿಯಾದರೆ ಕತ್ತರಿ ಮುಚ್ಚಲಾಗದು, ಸಡಿಲವಾದರೆ ಬೆರಳು ಬಿಚ್ಚದು. ಅಜ್ಜ ಡ್ರಾಯಿಂಗಿನಲ್ಲಿದ್ದ ಒಂದೂವರೆ ಮಿಲಿಮೀಟರಿನ ತಂತಿ ಬಿಟ್ಟು ಸಣ್ಣದನ್ನು ಹುಡುಕಿದರು. ತಂತಿ ಸ್ವಲ್ಪ ಸಣ್ಣಗಾದರೆ ಬಲ ಅರ್ಧಕ್ಕರ್ಧ ಬೀಳುತ್ತದಂತೆ, ಇದು ನಮ್ಮ ಮೈಕ್ರಾನಿಗೆ ಗೊತ್ತಿಲ್ಲದ್ದೇನಲ್ಲ. ಒಂದೊಂದು ಸ್ಪ್ರಿಂಗ್ ಸುತ್ತಿದಾಗಲೂ ದೊಡ್ಡಪ್ಪ ಕತ್ತರಿಯ ತಿರುಪು ಬಿಚ್ಚಿ ಹಳೆಯದನ್ನು ತೆಗೆದು ಹೊಸದು ಕೂರಿಸಬೇಕು. ಗಟ್ಟಿ, ಎಂದರು ದೊಡ್ಡಮ್ಮ. ಬಿಚ್ಚಿದರು. ಸಡಿಲ, ಎಂದರು. ಬಿಚ್ಚಿದರು. ಇನ್ನೂ ಒಂದು ಚೂರು ಗಟ್ಟಿ ಬೇಕು, ಎಂದರು. ಅಷ್ಟು ಚೂರು ಎಂದರೆ ಎಷ್ಟು ಎಂದು ದೊಡ್ಡಪ್ಪ ಹಲ್ಲು ಕಡಿದರು. ಅಷ್ಟೇ, ಚೂರು, ಎಂದರು ದೊಡ್ಡಮ್ಮ.

ಐದನೆಯದು ಕೂತಿತು. ಒತ್ತಿದರು, ಮುಚ್ಚಿತು. ಬಿಟ್ಟರು, ಬೆರಳುಗಳು ನಿದ್ದೆಯಿಂದ ಎದ್ದ ಹಾಗೆ ಮೆಲ್ಲಗೆ ಅಗಲವಾದವು. ಅಜ್ಜ ಕೈ ಒರೆಸುವ ಬಟ್ಟೆಯನ್ನು ಮುಂದೆ ಹಿಡಿದರು. ದೊಡ್ಡಮ್ಮ ಅದರ ಗೀಟಿನ ಮೇಲೆ ಕಚಕ್ ಎನ್ನಿಸಿದರು, ಬಿಟ್ಟರು, ಕಚಕ್ ಎನ್ನಿಸಿದರು. ಗೇಣು ದೂರ ಹೋಗಲು ಎಷ್ಟು ಹೊತ್ತಾಯಿತೋ, ನಾನಂತೂ ಉಸಿರು ಬಿಟ್ಟಿರಲಿಲ್ಲ. ದೊಡ್ಡಪ್ಪ ಹತ್ತಿರ ಬಾಗಿ, ಹೆಬ್ಬೆರಳನ್ನು ಇನ್ನೂ ಒಳಗೆ ತೂರಿಸು ಎಂದರು.

“ದೂರ ನಿಲ್ಲಿ,” ಎಂದರು ದೊಡ್ಡಮ್ಮ. ಕಣ್ಣು ಒದ್ದೆಯಾಗಿತ್ತು, ಸಿಟ್ಟು ಮಾತ್ರ ಇಳಿದಿರಲಿಲ್ಲ. ಬಟ್ಟೆ ಪೂರ್ತಿ ಎರಡು ತುಂಡಾದ ಮೇಲೆ ತಲೆ ಎತ್ತಿದರು. “ಇನ್ನು ಎಂಟು ಕೈ ಇದಾವಲ್ಲ, ಅವರನ್ನಾದ್ರೂ ಮೊದಲು ಕೇಳಿ.”

ಹೊಲಿಗೆ ಟೀಚರಿಗೆ ದೊಡ್ಡಮ್ಮ ಆಟೋದಿಂದಲೇ ಫೋನ್ ಮಾಡಿ ಮೇಜಿಗೆ ಬರಬೇಡಿ ಎಂದರು.

ಮಾರನೆಯ ಬೆಳಗ್ಗೆ ದೊಡ್ಡಪ್ಪ ಕೊಕ್ಕೆ ತಕ್ಕಡಿ ಹಿಡಿದು ಡಾಕ್ಟರಮ್ಮನ ಚಿಕಿತ್ಸೆಯ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಮೊದಲನೆಯವರು ಒಬ್ಬ ನಿವೃತ್ತ ಬಸ್ ಡ್ರೈವರ್, ನನ್ನ ಕೈಯನ್ನು ಆಲೂಗಡ್ಡೆ ಹಾಗೆ ತೂಗ್ತೀರಾ ಎಂದು ಜಗಳಕ್ಕೇ ನಿಂತರು. ದೊಡ್ಡಪ್ಪನ ಕತ್ತಿನ ನರ ಉಬ್ಬಿತು. ಬಾಯಿಗೆ ಬಂದದ್ದನ್ನೆಲ್ಲ ನುಂಗಿ, ಅವರ ಪಕ್ಕಕ್ಕೆ ಸರಿದು ಕೂತು, ಮುಗಿಯದ ಕತ್ತರಿಯೊಂದನ್ನು ಜೇಬಿನಿಂದ ತೆಗೆದು ಅವರ ತೊಡೆಯ ಮೇಲಿಟ್ಟರು.

“ಇನ್ನೂ ಅರ್ಧ ಆಗಿದೆ,” ಎಂದರು. “ಎಲ್ಲಿ ಸರಿಯಿಲ್ಲ, ನೀವೇ ಹೇಳಿ.”